ಆ ಅಡ್ಡ ಮರವನ್ನು ಕಡಿಸುವ ಮುನ್ನ

ನಮ್ಮ ಅಕ್ಕನದು ಹಳೆಯ ಹಂಚಿನ ಮನೆ. ಮಗಳ ನಿಕಾಹ್ ನಿಶ್ಚಯವಾದಾಗ ಚಾವಡಿಯನ್ನು ಚಂದಗಾಣಿಸುವ ಆಸೆ ಅವರಿಗೆ ಬಂತು. ಗೋಡೆಯಿಂದ ಗೋಡೆಗೆ ಹಾದುಹೋದ ಮೂರು ಕಪ್ಪು ಮರಗಳು ಕಣ್ಣಿಗೆ ಅಡ್ಡಿಯಾಗಿದ್ದವು. "ಇವು ಏನನ್ನೂ ಹೊತ್ತಿಲ್ಲವಲ್ಲ ತಮ್ಮಾ, ತೆಗೆಸಿದರೇನು?" ಎಂದು ಕೇಳಿದರು. ತಲೆಯೆತ್ತಿ ನೋಡಿದೆ. ಹಂಚುಗಳೆಲ್ಲ ಇಳಿಜಾರಿನ ಪಕ್ಕಾಸುಗಳ ಮೇಲಿದ್ದವು. "ತೊಂದರೆಯಿಲ್ಲ" ಎಂದುಬಿಟ್ಟೆ. ಓದಿದವನೆಂದು ನಂಬಿ ಕೇಳಿದವರ ಮುಂದೆ ಗೊತ್ತಿಲ್ಲ ಎನ್ನಲು ನಾಲಗೆ ಏಳಲಿಲ್ಲ.

ನಡುವಿನದನ್ನು ಕಡಿಸಿದರು. ಮಳೆಗಾಲದಲ್ಲಿ ಮಾಡಿನ ನೆತ್ತಿಯ ಹಂಚು ಸರಿದು ಸೋರತೊಡಗಿತು. ಸೂರಿನ ಕೆಳಗೆ ಗೋಡೆಯುದ್ದಕ್ಕೂ ಬಿರುಕು. ಚಾವಡಿಯಲ್ಲಿ ಮಲಗುತ್ತಿದ್ದ ಮಕ್ಕಳನ್ನು ಒಳಕೋಣೆಗೆ ಕಳಿಸಿ, ಮುದಿ ಆಚಾರಿಯನ್ನು ಕರೆಸಿದೆವು. ಅವರು ನೋಡಿ, "ಇದು ಹೊರುವ ಮರವಲ್ಲ ಉಸ್ತಾದರೇ, ಹಿಡಿಯುವ ಮರ" ಎಂದರು.

ನೀವೇ ನೋಡಿ. ಎರಡು ಪುಸ್ತಕಗಳನ್ನು ಒಂದಕ್ಕೊಂದು ಒರಗಿಸಿ ನುಣುಪಾದ ಮೇಜಿನ ಮೇಲೆ ನಿಲ್ಲಿಸಿ, ನೆತ್ತಿಯನ್ನು ಮೆಲ್ಲಗೆ ಒತ್ತಿರಿ. ಕೆಳಗಿನ ಅಂಚುಗಳು ಹೊರಕ್ಕೆ ಜಾರುತ್ತವೆ. ಆ ಅಂಚುಗಳನ್ನು ಒಂದು ದಾರದಿಂದ ಬಿಗಿದರೆ ನಿಲ್ಲುತ್ತವೆ. ಅಡ್ಡ ಮರವೇ ಆ ದಾರ. ಅದಿಲ್ಲದಿದ್ದರೆ ಪಕ್ಕಾಸುಗಳು ಗೋಡೆಯನ್ನು ಹೊರಕ್ಕೆ ನೂಕುತ್ತವೆ. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ನಮ್ಮ ಕಡೆ ಹರಡಿದ ಈ ಹಂಚು ಒಂದೊಂದೂ 2ರಿಂದ 3 ಕಿಲೋ ತೂಗುತ್ತದೆ. ಮಳೆನೀರು ಕುಡಿದರೆ ಇನ್ನೂ ಭಾರ. ಅಕ್ಕನ ಮನೆ ಬೇಸಿಗೆಯಲ್ಲಿ ಸುಮ್ಮನಿದ್ದು ಮಳೆಯಲ್ಲಿ ಬಾಯಿಬಿಟ್ಟದ್ದು ಸುಮ್ಮನಲ್ಲ.

ಆಚಾರಿ ಮೊದಲು ಮಾಡಿಗೆ ಊರುಗಂಬ ಕೊಟ್ಟರು. ಬಳಿಕ ಇಂಜಿನಿಯರರನ್ನು ಕೇಳಿ, ಕಡಿದ ಮರದ ಜಾಗದಲ್ಲಿ ದಪ್ಪ ಕಬ್ಬಿಣದ ಸರಳು ಹಾಕಿ, ಎರಡೂ ತುದಿಗೆ ನಟ್ಟು ಬಿಗಿದರು. ಖರ್ಚು ಭಾವನ ತಲೆಗೆ ಬಿತ್ತು. ತಪ್ಪು ನನ್ನದು ಎಂದು ಹೇಳಿದೆ. ಅವರು ನಕ್ಕರು, ಆದರೆ ಅಕ್ಕ ನಗಲಿಲ್ಲ.

ಇದರ ತಿರುವುಮುರುವಿನ ತಪ್ಪೂ ಇದೆ. ಕೋಣೆ ಮಾಡಲೆಂದು ಹೊಸ ನಡುಗೋಡೆಯನ್ನು ಅಡ್ಡ ಮರಕ್ಕೆ ಒತ್ತಿ ಕಟ್ಟುತ್ತಾರೆ, ಮಾಡಿಗೆ ಆಧಾರವಾಯಿತೆಂದು ಸಂತೋಷಪಡುತ್ತಾರೆ. ಎರಡು ತುದಿಗಳಲ್ಲಿ ಕೂರಲೆಂದು ಮಾಡಿದ ಟ್ರಸ್ಸನ್ನು ನಡುವೆ ಎತ್ತಿಹಿಡಿದರೆ ಮರಗಳ ಕೆಲಸವೇ ಬದಲಾಗುತ್ತದೆ. ಎಳೆತ ತಡೆಯಬೇಕಾದ ಮರಕ್ಕೆ ಒತ್ತಡ ಬೀಳಬಹುದು. ಸ್ವಲ್ಪ ಸಂದು ಬಿಡುವುದು ಲೇಸು.

ಇನ್ನು ಟೆರೇಸಿನ ಮೇಲೆ ಶೀಟು ಹಾಕಿಸುವವರು. ಅಲ್ಲಿ ಭಾರಕ್ಕಿಂತ ಗಾಳಿಯ ಭಯ ಹೆಚ್ಚು. ಗಾಳಿ ಶೀಟನ್ನು ಮೇಲಕ್ಕೆ ಎಳೆಯುತ್ತದೆ, ಆದ್ದರಿಂದ ಕಂಬದ ಬುಡವನ್ನು ಕಾಂಕ್ರೀಟಿಗೆ ಬೋಲ್ಟು ಹಾಕಿ ಹಿಡಿಸಬೇಕು. ಟ್ರಸ್ಸುಗಳು ಸಾಲಾಗಿ ನಿಲ್ಲಿಸಿದ ಪುಸ್ತಕಗಳಂತೆ, ಒಂದು ಬದಿಗೆ ವಾಲಿದರೆ ಎಲ್ಲವೂ ವಾಲುತ್ತವೆ. ಉದ್ದಕ್ಕೆ ಪೈಪು ಜೋಡಿಸಿದರೆ ಸಾಲದು. ಚೌಕ ಓರೆಯಾಗುತ್ತದೆ, ತ್ರಿಕೋನ ಆಗುವುದಿಲ್ಲ. ಎರಡೂ ಕೊನೆಗಳಲ್ಲಿ ಟ್ರಸ್ಸಿನಿಂದ ಟ್ರಸ್ಸಿಗೆ ಮೂಲೆಯಿಂದ ಮೂಲೆಗೆ ಓರೆ ಪಟ್ಟಿ ಬೇಕು. ವೆಲ್ಡಿಂಗಿನವರು ಹಣ ಉಳಿಸಲು ಮೊದಲು ಬಿಡುವುದು ಅದನ್ನೇ. ಕೊನೆಯ ಕಂತು ಕೊಡುವ ಮೊದಲು ಅದು ಎಲ್ಲಿದೆಯೆಂದು ತೋರಿಸಲು ಹೇಳಿ.