ವೃಷಭಾವತಿಯ ದಡದಲ್ಲೊಂದು ಸೈಕಲ್ ಹಾದಿ

ಫ್ರಾನ್ಸಿನ ಲ್ವಾರ್ ನದಿಯ ಗುಂಟ ಸುಮಾರು 900 ಕಿ.ಮೀ. ಸೈಕಲ್ ಮಾರ್ಗವಿದೆ, ಅದರ ಹಲವು ಭಾಗಗಳಲ್ಲಿ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ಪಶ್ಚಿಮ ಬೆಂಗಳೂರಿಗೂ ಒಂದು ನದಿಕಣಿವೆಯಿದೆ: ಮೈಸೂರು ರಸ್ತೆಯ ಪಕ್ಕದಲ್ಲಿ ಹರಿದು, ಕೆಂಗೇರಿ ದಾಟಿ ಬೈರಮಂಗಲದತ್ತ ಸಾಗುವ ವೃಷಭಾವತಿ. ನಾವದನ್ನು ಮೋರಿಯೆಂದೇ ಕರೆಯುತ್ತೇವೆ.

ವಿದ್ಯಾರ್ಥಿದೆಸೆಯಲ್ಲಿ ಸೈಕಲ್ಲಿನಲ್ಲೇ ಓಡಾಡಿದ ನನಗೆ ಇಂದು ಮೊಮ್ಮಗನನ್ನು ಮೈಸೂರು ರಸ್ತೆಗೆ ಸೈಕಲ್ಲಿನಲ್ಲಿ ಕಳುಹಿಸುವ ಧೈರ್ಯವಿಲ್ಲ. ನದಿಯಂಚಿನಲ್ಲಿ ಗರಸು ಹಾಸಿದ ಹಾದಿಗೆ ಮೇಲ್ಸೇತುವೆಯಷ್ಟು ಹಣ ಬೇಕಿಲ್ಲ. ಆದರೆ ಕೊಳಚೆಯ ನಾತದಲ್ಲಿ ಯಾರು ಸೈಕಲ್ ತುಳಿದಾರು? ಆದ್ದರಿಂದ ಮೊದಲ ವೆಚ್ಚ ನೀರಿನ ಶುದ್ಧೀಕರಣಕ್ಕೆ, ಎರಡನೆಯದು ಒತ್ತುವರಿ ತೆರವಿಗೆ, ಕೊನೆಯದು ಹಾದಿಗೆ. ಈ ಕ್ರಮ ತಿರುವುಮುರುವಾದರೆ ಉಳಿಯುವುದು ಉದ್ಘಾಟನಾ ಫಲಕ ಮಾತ್ರ. ಪಾಲಿಸಿದರೆ ಕೆಳದಂಡೆಯ ರೈತನಿಗೂ ಶುದ್ಧ ನೀರು ದೊರೆತೀತು.