ಕಚರಾ ಯಾಕೆ ವೈರಲ್ ಆದ?



ಮೊನ್ನೆ ನಮ್ಮ ಗ್ರೂಪಿನಾಗ ಒಬ್ಬ ಹುಡುಗ ಕೇಳಿದ: "ಅಣ್ಣಾ, ಜಾಹೀರಾತಿನ ವಿಡಿಯೊ ಒಂದ ದಿನದಾಗ ದೇಶಾನೇ ಸುತ್ತತಾವು. ನಮ್ಮ ವಿಡಿಯೊ ಯಾಕ ಓಡಂಗಿಲ್ಲ?" ಅವತ್ತು ಆಫೀಸಿನಾಗಿದ್ದೆ, ಒಂದು ನಗುವ ಇಮೋಜಿ ಹಾಕಿ ಸುಮ್ಮನಾದೆ. ಇವತ್ತು ರವಿವಾರ. ಯಳವತ್ತಿಯ ನಮ್ಮ ಮನೆ ಕಟ್ಟೆ ಮ್ಯಾಲೆ ಕೂತು ಬರೀತಿದೀನಿ. ಉದ್ದ ಆಗತೈತಿ, ಪುರುಸೊತ್ತಿದ್ದಾಗ ಓದ್ರಿ.

2023ರ ಜೂನ್ 5, ವಿಶ್ವ ಪರಿಸರ ದಿನ. ಜೊಮ್ಯಾಟೊ ಕಂಪನಿ ಒಂದು ವಿಡಿಯೊ ಬಿಟ್ಟಿತು. 2001ರ 'ಲಗಾನ್' ಸಿನಿಮಾ ನೆನಪೈತಲ್ಲ? ಅದರಾಗ ಊರ ಹೊರಗಿನ ಅಸ್ಪೃಶ್ಯನ ಪಾತ್ರಕ್ಕೆ ಇಟ್ಟ ಹೆಸರು ಕಚರಾ. ಅಂದ್ರ ಕಸ. ಆ ಪಾತ್ರ ಮಾಡಿದ್ದ ನಟ ಆದಿತ್ಯ ಲಾಖಿಯಾ ಅವರನ್ನೇ ಕರಕೊಂಡು ಬಂದು ದೀಪ ಮಾಡಿ ನಿಲ್ಲಿಸಿದರು. ಕಾಗದ ಮಾಡಿದರು, ಗಿಡಕ್ಕೆ ನೀರು ಹಾಕೋ ಕ್ಯಾನು ಮಾಡಿದರು, ಜಾಕೆಟ್ ಮಾಡಿದರು. ಒಂದೊಂದಕ್ಕೂ ಎಷ್ಟು ಕಸ ಬೇಕಾಯ್ತು ಅಂತ ಅಕ್ಷರದಾಗ ತೋರಿಸಿದರು. ಪ್ಲಾಸ್ಟಿಕ್ ಕಸ ಮರುಬಳಕೆ ಆಗಬೇಕು ಅನ್ನೋದು ಅವರ ಸಂದೇಶ. ಅದಕ್ಕೆ ಸಿಕ್ಕಿದ್ದು ಮನುಷ್ಯ. ಅದೂ ಯಾವ ಮನುಷ್ಯ?

ನಮ್ಮೂರಿಗೆ ಜೊಮ್ಯಾಟೊ ಊಟ ತರಂಗಿಲ್ಲ. ಜಾಹೀರಾತು ಮಾತ್ರ ತಂತು. ಆಫೀಸಿನಾಗ ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಒಬ್ಬರು ಮೊಬೈಲ್ ಮುಂದೆ ಹಿಡಿದು ನಕ್ಕರು. ಉಳಿದವರೂ ನಕ್ಕರು. ಅದೇ ಹೊತ್ತಿಗೆ ಗುತ್ತಿಗೆ ಮ್ಯಾಲೆ ಕೆಲಸ ಮಾಡೋ ನಮ್ಮ ಹುಡುಗ ಕಸದ ಬುಟ್ಟಿ ಒಯ್ಯಾಕ ಬಂದ. "ಬಂದ ನೋಡ್ರಿ ಕಚರಾ" ಅಂದ್ರು. ಅವನೂ ನಕ್ಕ. ಅವನ ನಗು ನನಗೆ ಆ ವಿಡಿಯೊಕ್ಕಿಂತ ಹೆಚ್ಚು ಚುಚ್ಚಿತು. ನಾನು ಏನೋ ಅಂದೆ, "ಏ, ಕಾಮಿಡಿ ರೀ, ಕಾಮಿಡಿ ಆಗಿ ತಗೊಳ್ರಿ" ಅಂತ ಉತ್ತರ ಬಂತು. ರೊಟ್ಟಿ ಗಂಟಲಾಗ ಇಳೀಲಿಲ್ಲ.

ಈಗ ಆ ಹುಡುಗನ ಪ್ರಶ್ನೆಗೆ ಬರ್ತೀನಿ. ಜಾಹೀರಾತು ಮಾಡೋನ ಹತ್ರ ಟೈಮ್ ಇರಂಗಿಲ್ಲ. ಮೊದಲ ಮೂರ್ನಾಲ್ಕು ಸೆಕೆಂಡಿನಾಗ ನಮ್ಮ ಬೆರಳು ಮುಂದಕ್ಕೆ ತಳ್ಳೋದನ್ನ ಅವ ತಡೀಬೇಕು. ವಿವರಿಸಿ ಹೇಳೋಕೆ ಆಗಂಗಿಲ್ಲ. ಹಂಗಾಗಿ ನೋಡುವವನ ತಲೆಯಾಗ ಮೊದಲೇ ಏನೈತೋ ಅದನ್ನೇ ಅವ ಬಳಸಬೇಕು. ಈ ದೇಶದಾಗ ಎಲ್ಲರ ತಲೆಯಾಗೂ ಹೇಳಿಕೊಡದೆ ಕೂತಿರೋ ಪಾಠ ಯಾವುದು? ಕಚರಾ ಅಂದ್ರ ಯಾರು ಅಂತ ಯಾರಿಗಾದ್ರೂ ವಿವರಿಸಬೇಕಾಯ್ತಾ? ಸಿನಿಮಾ ನೋಡದ ನನ್ನ ಸಹೋದ್ಯೋಗಿಗೂ ಜೋಕು ತಿಳೀತು. ಅದಕ್ಕೇ ಬುಟ್ಟಿ ಒಯ್ಯಾಕ ಬಂದ ಹುಡುಗನಿಗೆ ಆ ಹೆಸರು ತಕ್ಷಣ ಅಂಟಿತು. ವಿಡಿಯೊದಾಗ ಜಾತಿಯ ಹೆಸರೇ ಇರಲಿಲ್ಲ ಅಂತ ವಾದ ಮಾಡುವವರು ಇದನ್ನ ಯೋಚನೆ ಮಾಡ್ಲಿ. ಹೆಸರು ಹೇಳುವ ಅವಶ್ಯಕತೆಯೇ ಇರಲಿಲ್ಲ.

2020ರ ಮೇ ತಿಂಗಳದಾಗ ಕೆಂಟ್ ಕಂಪನಿಯ ಹಿಟ್ಟು ನಾದೋ ಯಂತ್ರದ ಜಾಹೀರಾತು ಬಂದಿತ್ತು. ವಿಡಿಯೊ ಅಲ್ಲ, ಫೋಟೊ. ಮನೆಗೆಲಸದಾಕೆಯ ಕೈಗೆ ಸೋಂಕಿರಬಹುದು, ಆಕೆಯ ಕೈಲಿ ಹಿಟ್ಟು ಕಲಸಿಸಬ್ಯಾಡ್ರಿ ಅನ್ನೋದು ಅದರ ಅರ್ಥ. ಕೊರೊನಾ ಹೊಸದು, "ಆಕೆಯ ಕೈ ಮುಟ್ಟಿದ್ದು ಬ್ಯಾಡ" ಅನ್ನೋದು ಸಾವಿರಾರು ವರ್ಷದ ಹಳೇದು. ಹಳೇದಕ್ಕೆ ಹೊಸದರ ಬಟ್ಟೆ ತೊಡಿಸಿದ್ರು. ಗದ್ದಲ ಆದ ಮ್ಯಾಲೆ ಕ್ಷಮೆ ಕೇಳಿ ತೆಗೆದ್ರು.

ಎರಡನೇದು ಸಿಟ್ಟು. 2021ರ ಏಪ್ರಿಲ್‌ನಾಗ ಕ್ರೆಡ್ ಕಂಪನಿಯ ವಿಡಿಯೊ ಬಂತು, ಬೆಂಗಳೂರಿನ ಟ್ರಾಫಿಕ್‌ನಾಗ ನಮ್ಮ ರಾಹುಲ್ ದ್ರಾವಿಡ್ ಸಿಟ್ಟಿಗೆದ್ದು ಬ್ಯಾಟಿನಿಂದ ಕಾರಿನ ಕನ್ನಡಿ ಒಡೀತಾರೆ, ಕಾರಿನ ಛಾವಣಿಯಿಂದ ಮ್ಯಾಲೆದ್ದು ತಾವು ಇಂದಿರಾನಗರದ ಗೂಂಡಾ ಅಂತ ಕೂಗ್ತಾರೆ. ದೇಶಾನೇ ನಕ್ಕಿತು. ನಾನೂ ನಕ್ಕೆ. ಅವರ ಬ್ಯಾಟಿಂಗ್ ನೋಡಿ ಬೆಳೆದವ ನಾನು, ಅವರ ಮ್ಯಾಲೆ ನನಗೇನೂ ಸಿಟ್ಟಿಲ್ಲ. ಯಾವತ್ತೂ ದನಿ ಏರಿಸದ ಸಾಧು ಮನುಷ್ಯ ಕೂಗಿದ್ದಕ್ಕೇ ಅದು ಓಡಿತು. ಆದ್ರ ಅದೇ ಬ್ಯಾಟು, ಅದೇ ಮಾತು, ಅದೇ ಕೂಗು ನಮ್ಮ ಕೇರಿಯ ಹುಡುಗನ ಬಾಯಾಗ ಇಟ್ಟು ನೋಡ್ರಿ. ಯಾರಿಗೂ ಆಶ್ಚರ್ಯ ಆಗಂಗಿಲ್ಲ, ಯಾರೂ ನಗಂಗಿಲ್ಲ. ಆ ವಿಡಿಯೊ ಪೊಲೀಸ್ ಠಾಣೆಗೆ ಸಾಕ್ಷಿ ಆಗಿ ಹೋಗತೈತಿ. ಗೂಂಡಾ ಅಂತ ತಮಾಷೆಗೆ ಹೇಳಿಕೊಳ್ಳಾಕೂ ಒಂದು ಅರ್ಹತೆ ಬೇಕು, ಯಾರೂ ನಿನ್ನ ನಿಜವಾಗ್ಲೂ ಗೂಂಡಾ ಅಂದುಕೊಳ್ಳಬಾರದು.

ಇದನ್ನ ಅಮೆರಿಕದಾಗ ಲೆಕ್ಕ ಹಾಕಿ ನೋಡಿದವರೂ ಅದಾರ. ಜೋನಾ ಬರ್ಗರ್ ಮತ್ತು ಕ್ಯಾಥರಿನ್ ಮಿಲ್ಕ್‌ಮನ್ ಅನ್ನೋ ಇಬ್ಬರು ಪ್ರಾಧ್ಯಾಪಕರು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸುಮಾರು 7000 ಬರಹ ತಗೊಂಡು, ಯಾವುದನ್ನ ಓದುಗರು ಬೇರೆಯವರಿಗೆ ಹೆಚ್ಚು ಕಳಿಸಿದ್ರು ಅಂತ ನೋಡಿದರು. 2012ರಲ್ಲಿ ಅದು ಪ್ರಕಟ ಆತು. ಬೆರಗು ಹುಟ್ಟಿಸಿದ್ದು ಓಡತೈತಿ, ಸಿಟ್ಟು ಮತ್ತು ಆತಂಕ ಹುಟ್ಟಿಸಿದ್ದೂ ಓಡತೈತಿ. ಬರೇ ದುಃಖ ಹುಟ್ಟಿಸಿದ್ದು ಅಷ್ಟು ಓಡಂಗಿಲ್ಲ. ಸಿಟ್ಟು ಬಂದವನ ಬೆರಳು ಸುಮ್ಮನಿರಂಗಿಲ್ಲ, ದುಃಖ ಆದವ ಮೊಬೈಲ್ ಕೆಳಗಿಡತಾನ.

ಈ ಮಾತು ಓದಿದಾಗ ನನಗೆ ಸವಣೂರು ನೆನಪಾಯ್ತು. ನಮಗೇನು ದೂರದ ಊರಲ್ಲ ಅದು, ಲಕ್ಷ್ಮೇಶ್ವರ ದಾಟಿ ಹಾವೇರಿ ಜಿಲ್ಲೆಗೆ ಹೋದ್ರ ಬಂತು. 2010ರ ಜುಲೈನಾಗ ಅಲ್ಲಿಯ ಭಂಗಿ ಸಮುದಾಯದವರು ತಮ್ಮನ್ನ ಇದ್ದ ಜಾಗದಿಂದ ಎಬ್ಬಿಸೋದರ ವಿರುದ್ಧ ಮೈಮ್ಯಾಲೆ ಮಲ ಸುರಕೊಂಡು ಪ್ರತಿಭಟನೆ ಮಾಡಿದರು. ಅದಕ್ಕೂ ಮೊದಲು ಅವರು ಅದೇ ಮಲ ಎತ್ತುತ್ತಿದ್ದಾಗ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ತಲೆ ಮ್ಯಾಲೆ ಸುರಕೊಂಡ ಮ್ಯಾಲೆ ಟಿವಿ ಬಂತು, ಬೆಂಗಳೂರು ತಿರುಗಿ ನೋಡಿತು. ನಮ್ಮವರು ಕಾಣಿಸಿಕೊಳ್ಳಾಕ ತಾವೇ ಹೊಲಸಾಗಬೇಕಾಯ್ತು. ಹದಿಮೂರು ವರ್ಷ ಆದ ಮ್ಯಾಲೆ ಒಂದು ಕಂಪನಿ ನಮ್ಮ ಹೆಸರಿನ ಪಾತ್ರವನ್ನ ಕಸ ಮಾಡಿ ಪರಿಸರ ಪ್ರೇಮ ಮಾರಿತು.

ಈಗ ನಮ್ಮೊಳಗಿನ ಮಾತು. ಕೆಲವರಿಗೆ ಕಹಿ ಆಗಬಹುದು.

ಆಫೀಸಿನಾಗ ಆ ವಿಡಿಯೊ ನನಗೆ ಒಂದು ಸಲ ಬಂತು. ನಮ್ಮ ಹೋರಾಟದ ಗ್ರೂಪುಗಳಿಂದ ಎಷ್ಟು ಸಲ ಬಂತು ಗೊತ್ತೇನು? ಎಣಿಸೋದು ಬಿಟ್ಟೆ. "ಥೂ", "ಇದನ್ನ ಎಲ್ಲರಿಗೂ ಕಳಿಸಿ", "ಧಿಕ್ಕಾರ". ನಾನೂ ಐದಾರು ಕಡೆ ಕಳಿಸಿದೆ, ಸುಳ್ಳು ಯಾಕ ಹೇಳ್ಲಿ. ನಮ್ಮ ತಾಯಂದಿರು, ಶಾಲೆ ಮಕ್ಕಳು ಅದನ್ನ ನೋಡಿದ್ದು ನಮ್ಮ ಕೈಯಿಂದಾನೇ. ಕಂಪನಿ ನಮ್ಮ ಕೇರಿಗೆ ಜಾಹೀರಾತು ಹಂಚಾಕ ದುಡ್ಡು ಖರ್ಚು ಮಾಡಿರಲಿಲ್ಲ. ಆ ಕೆಲಸ ನಾವು ಪುಕ್ಕಟೆ ಮಾಡಿಕೊಟ್ವಿ. ಬಿಟ್ಟಿ ಚಾಕರಿ ನಿಂತು ಹೋತು ಅಂತ ಭಾಷಣ ಮಾಡತೀವಲ್ಲ!

"ಹಂಚಿದ್ದಕ್ಕೇ ತೆಗೆದ್ರಲ್ಲ ಅಣ್ಣಾ" ಅಂತೀರಿ. ಅರ್ಧ ಖರೆ. 'ಮಸಾನ್' ಸಿನಿಮಾದ ನಿರ್ದೇಶಕ ನೀರಜ್ ಘಾಯ್ವಾನ್ ಅವರಂಥ ನಮ್ಮವರು ಬಹಿರಂಗವಾಗಿ ಬರೆದರು, ದೇಶ ತುಂಬ ಕೂಗು ಎದ್ದಿತು, ಮೂರೇ ದಿನದಾಗ ವಿಡಿಯೊ ವಾಪಸ್ ಹೋತು. ಕೂಗಬಾರದು ಅಂತ ನಾನೂ ಹೇಳ್ತಿಲ್ಲ. ಆದ್ರ ಕಂಪನಿ ಏನಂತು? ತಮಾಷೆಯಾಗಿ ಜಾಗೃತಿ ಮೂಡಿಸೋದು ಉದ್ದೇಶ ಆಗಿತ್ತು, ತಿಳಿಯದೆ 'ಕೆಲವು ಸಮುದಾಯ'ಗಳ ಮನಸ್ಸಿಗೆ ನೋವಾಗಿರಬಹುದು ಅಂತು. ಯಾವ ಸಮುದಾಯ? ಜೋಕಿನಾಗ ಹೇಳದ ಹೆಸರನ್ನ ಕ್ಷಮೆಯಾಗೂ ಹೇಳಲಿಲ್ಲ. ಅವರ ಮ್ಯಾಲೆ ಕಾಗದದ ಲೆಕ್ಕದಾಗ ಭಾರ ಬಿದ್ದಿದ್ದು ರಾಷ್ಟ್ರೀಯ ಪರಿಶಿಷ್ಟ ಜಾತಿಗಳ ಆಯೋಗ ನೋಟಿಸ್ ಕೊಟ್ಟಾಗ. ನೋಟಿಸಿಗೆ ಉತ್ತರ ಬರೀಬೇಕು. ನಮ್ಮ 'ಥೂ'ಗೆ ಯಾರೂ ಉತ್ತರ ಬರೀಬೇಕಾಗಿಲ್ಲ.

ನಾನು ಗುಮಾಸ್ತ, ಆವಕ-ಜಾವಕ ಪುಸ್ತಕದಾಗ ಬದುಕೋನು. ಕಾಮೆಂಟಿಗೆ ಆವಕ ನಂಬರ್ ಬೀಳಂಗಿಲ್ಲ, ಅರ್ಜಿಗೆ ಬೀಳತೈತಿ. ಇಂಥ ವಿಡಿಯೊ ಕಂಡ್ರ ಹಂಚಬ್ಯಾಡ್ರಿ. ಸ್ಕ್ರೀನ್‌ಶಾಟ್ ತಗೊಳ್ರಿ, ತಾರೀಖು ಬರಕೊಳ್ರಿ. ಜಾಹೀರಾತು ಮಾನದಂಡ ಮಂಡಳಿ ಅಂತ ಮುಂಬೈನಾಗ ಐತಿ, ಜಾತಿ ಹಿಡಿದು ಹೀಯಾಳಿಸಬಾರದು ಅಂತ ಅವರ ಸಂಹಿತೆಯಾಗೇ ಐತಿ, ಆನ್‌ಲೈನ್ ದೂರು ಕೊಡಾಕ ರೊಕ್ಕ ಬೇಕಾಗಿಲ್ಲ. ಆಯೋಗಕ್ಕೂ ಒಂದು ಪ್ರತಿ ಕಳಿಸ್ರಿ. ಆಮೇಲೆ ವಿಡಿಯೊ ಇಲ್ಲದೆ, ನಿಮ್ಮ ಮಾತಿನಾಗ ಬರೀರಿ.

ಹಿರಿಯರಿಗೆ ಇದು ಗೊತ್ತಿತ್ತು. 1973ರಾಗ ಬಿ. ಬಸವಲಿಂಗಪ್ಪನವರು ಮೈಸೂರಿನಾಗ ಆಡಿದ 'ಬೂಸಾ' ಅನ್ನೋ ಒಂದೇ ಮಾತು ಮೊಬೈಲ್ ಇಲ್ಲದೆ ರಾಜ್ಯ ಸುತ್ತಿತ್ತು. ಅವರ ಮಂತ್ರಿಗಿರಿ ಹೋತು, ನಮ್ಮ ಹುಡುಗರು ಹೊಡೆತ ತಿಂದ್ರು. ಆ ಸಿಟ್ಟನ್ನ ಅವರು ಅಲ್ಲಿಗೇ ಹಂಚಿ ಖಾಲಿ ಮಾಡಲಿಲ್ಲ. ಮುಂದೆ ಅದರಿಂದ ದಲಿತ ಸಂಘರ್ಷ ಸಮಿತಿ ಎದ್ದು ನಿಂತಿತು.

ಕೊನೆಗೆ, ಪ್ರಶ್ನೆ ಕೇಳಿದ ಹುಡುಗನಿಗೆ. ತಮ್ಮಾ, ನೀವು ಮಾಡಿದ ಸ್ಮಶಾನದ ವಿಡಿಯೊ ನಾನು ನೋಡೀನಿ. ಮಳಿಯಾಗ ಹೆಣ ಹೊತ್ತು ಬದುವಿನ ಮ್ಯಾಲೆ ಜಾರ್ಕೊಂತ ಹೋಗೋ ನಾಲ್ಕು ಮಂದಿ. ನೂರು ಜನ ನೋಡಿಲ್ಲ ಅಂತ ನೊಂದಕೊಂಡೀರಿ. ಊರ ಹೆಸರು ಇಲ್ಲಿ ಬರೆಯಂಗಿಲ್ಲ, ಅಲ್ಲಿಯವರಿಗೆ ತ್ರಾಸ ಆಗಬಾರದು. ಅದು ಓಡಂಗಿಲ್ಲ, ಅದರಾಗ ನಗು ಇಲ್ಲ, ಬೆರಗಿಲ್ಲ. ಆದ್ರ ಅದನ್ನ ಪೆನ್‌ಡ್ರೈವ್‌ನಾಗ ಹಾಕಿ ಅರ್ಜಿ ಜೋಡಿ ಕೊಟ್ವಲ್ಲ, ಜಾಗ ಅಳಿಯಾಕ ಸರ್ವೇಯರ್ ಬರತಾರ ಅಂತ ಹೇಳ್ಯಾರ. ಇನ್ನೂ ಬಂದಿಲ್ಲ. ಆವಕ ನಂಬರ್ ನನ್ನ ಹತ್ರ ಐತಿ. ನಾಳೆ ಸೋಮವಾರ ಅರ್ಧ ದಿನ ರಜಾ ಹಾಕೀನಿ. ಬರೋರು ಹತ್ತೂವರಿಗೆ ಲಕ್ಷ್ಮೇಶ್ವರ ಬಸ್ ಸ್ಟ್ಯಾಂಡಿನಾಗ ಸಿಗ್ರಿ, ಕೂಡಿ ಹೋಗಿ ಕೇಳೂಣು.