ಸೈನಿಕನ ಹೆಂಡತಿಯ ದೂರು ಗಂಡನ ಕಮಾಂಡರ್ ಮೇಜಿಗೇ ಯಾಕೆ ಹೋಗಬೇಕು?

ವ್ಯಭಿಚಾರ ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ಜೋಸೆಫ್ ಶೈನ್ ಪ್ರಕರಣ ಅಂತ ಅದು ಹೆಸರಾಗಿದೆ. ಸ್ವಲ್ಪ ಸಮಯದ ನಂತರ ರಕ್ಷಣಾ ಸಚಿವಾಲಯ ಅದೇ ಕೋರ್ಟಿಗೆ ಮತ್ತೆ ಹೋಗಿ, ಈ ತೀರ್ಪನ್ನು ಸೇನೆಗೆ ಅನ್ವಯಿಸಬಾರದು ಎಂದು ಕೇಳಿತು. ಮನೆಯಿಂದ ದೂರ ಇರುವ ಸೈನಿಕನಿಗೆ ಮನೆಯಲ್ಲಿ ಏನು ನಡೀತಿದೆಯೋ ಎಂಬ ಆತಂಕ ಕಾಡುತ್ತದೆ, ಅದರಿಂದ ಶಿಸ್ತು ಕೆಡುತ್ತದೆ ಅನ್ನೋದು ಅದರ ವಾದ. ಸೇನಾ ಕಾಯ್ದೆಗಳಡಿ ಕ್ರಮ ಜರುಗಿಸಲು 2018ರ ತೀರ್ಪು ಅಡ್ಡಿಯಲ್ಲ ಎಂದು ಐವರು ನ್ಯಾಯಮೂರ್ತಿಗಳ ಪೀಠ 2023ರ ಜನವರಿ 31ರಂದು ಸ್ಪಷ್ಟಪಡಿಸಿತು.

ಸೇನೆಯ ಭಾಷೆಯಲ್ಲಿ ಈ ತಪ್ಪಿಗೊಂದು ಹಳೇ ಹೆಸರಿದೆ: ಸಹ ಅಧಿಕಾರಿಯ ಹೆಂಡತಿಯ ಪ್ರೀತಿಯನ್ನು ಕದಿಯುವುದು. ಪ್ರೀತಿ ಅವಳದ್ದು, ಕಳ್ಳತನವಾದದ್ದು ಮಾತ್ರ ಗಂಡನ ಸ್ವತ್ತು!

ಆ ತೀರ್ಪು ಸರಿಯೋ ತಪ್ಪೋ ಅನ್ನೋದು ಬೇರೆ ಚರ್ಚೆ. ನನ್ನ ಪ್ರಶ್ನೆ ಇಷ್ಟೇ. ಸೈನಿಕನ ಮನೆಯೊಳಗೆ ನಡೆಯುವುದು ದೇಶದ ಭದ್ರತೆಗೆ, ಸೇನೆಯ ಶಿಸ್ತಿಗೆ ಸಂಬಂಧಿಸಿದ್ದು ಅಂತ ಸರ್ಕಾರವೇ ಕೋರ್ಟಿನಲ್ಲಿ ಒಪ್ಪಿಕೊಂಡಿದೆ. ಹಾಗಾದರೆ ಅದೇ ಮನೆಯಲ್ಲಿ ಹೆಂಡತಿ ಹೊಡೆತ ತಿಂದಾಗ ಅದು ‘ಗಂಡ ಹೆಂಡಿರ ಜಗಳ’ ಆಗೋದು ಹೇಗೆ?

ಕರ್ನಾಟಕದವರಿಗೆ ಇದು ದೂರದ ವಿಷಯವಲ್ಲ. ಕೊಡಗು, ಬೆಳಗಾವಿ, ಬಾಗಲಕೋಟೆ, ಗದಗದ ಎಷ್ಟೋ ಊರುಗಳಲ್ಲಿ ಮನೆಗೊಬ್ಬ ಸೈನಿಕನಿದ್ದಾನೆ. ನಿವೃತ್ತನಾಗಿ ಬಂದವನಿಗೆ ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡುತ್ತೇವೆ. ಇನ್ನೊಂದು ಕಡೆ, ಎನ್‌ಎಫ್‌ಎಚ್‌ಎಸ್-5 ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ 18ರಿಂದ 49 ವರ್ಷದ ವಿವಾಹಿತ ಮಹಿಳೆಯರ ಪ್ರಮಾಣ ಕರ್ನಾಟಕದಲ್ಲಿ 44.4%. ದೇಶದ ಸರಾಸರಿ 29.3%. ಆ ವರದಿಯಲ್ಲಿ ಸೈನಿಕ ಕುಟುಂಬ ಅಂತ ಪ್ರತ್ಯೇಕ ಸಾಲಿಲ್ಲ. ಆದರೆ ಸಮವಸ್ತ್ರ ಹಾಕಿದ ಮನೆಯನ್ನು ಮಾತ್ರ ಈ ರೋಗ ಮುಟ್ಟಿಲ್ಲ ಅಂತ ನಂಬಲು ಕಾರಣವೇನೂ ಇಲ್ಲ.

ಸೈನಿಕನ ಹೆಂಡತಿಯ ಕಷ್ಟ ಬೇರೆಯವರದಕ್ಕಿಂತ ಎಲ್ಲಿ ಬೇರೆಯಾಗುತ್ತೆ ಅಂದರೆ, ಅವಳ ಬದುಕಿನ ಎಲ್ಲಾ ದಾರಗಳೂ ಒಂದೇ ಗೂಟಕ್ಕೆ ಕಟ್ಟಿರುತ್ತವೆ. ಕ್ವಾರ್ಟರ್ಸ್ ಗಂಡನ ಹೆಸರಲ್ಲಿ. ಮಿಲಿಟರಿ ಆಸ್ಪತ್ರೆಯ ಚಿಕಿತ್ಸೆ, ಕ್ಯಾಂಟೀನ್ ಕಾರ್ಡು, ಮಕ್ಕಳ ಆರ್ಮಿ ಶಾಲೆ ಎಲ್ಲಾ ಅವನ ನೌಕರಿಯ ಮೇಲೆ. ಎರಡು ಮೂರು ವರ್ಷಕ್ಕೊಮ್ಮೆ ವರ್ಗಾವಣೆ ಇರುವಾಗ ಅವಳಿಗೆ ಒಂದು ಕೆಲಸ ಹಿಡಿದು ನಿಲ್ಲೋದು ಕಷ್ಟ. ಗೊತ್ತಿಲ್ಲದ ಊರು, ಗೊತ್ತಿಲ್ಲದ ಭಾಷೆ, ತವರು ಸಾವಿರಾರು ಕಿಲೋಮೀಟರ್ ದೂರ. ಪಕ್ಕದ ಮನೆಯವಳು ಗಂಡನ ಸುಬೇದಾರನ ಹೆಂಡತಿ. ಯಾರ ಹತ್ತಿರ ಹೇಳಿಕೊಳ್ತಾಳೆ?

ಕಾನೂನು ಇಲ್ಲ ಅಂತಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಸೈನಿಕನಿಗೂ ಅನ್ವಯಿಸುತ್ತದೆ. ಅದರ 27ನೇ ಸೆಕ್ಷನ್ ಪ್ರಕಾರ ಅವಳು ತಾತ್ಕಾಲಿಕವಾಗಿ ಇರುವ ಊರಿನ, ಅಂದರೆ ತವರಿನ ಮ್ಯಾಜಿಸ್ಟ್ರೇಟ್ ಮುಂದೆಯೂ ಅರ್ಜಿ ಹಾಕಬಹುದು. ಜೀವನಾಂಶದ ಹಣವನ್ನು ಗಂಡನ ಸಂಬಳದಿಂದ ನೇರವಾಗಿ ಹೆಂಡತಿಗೆ ಕೊಡಿ ಎಂದು ಉದ್ಯೋಗದಾತರಿಗೆ ಆದೇಶಿಸುವ ಅಧಿಕಾರ 20ನೇ ಸೆಕ್ಷನ್‌ನಲ್ಲಿದೆ. ಆದರೆ 1950ರ ಸೇನಾ ಕಾಯ್ದೆಯ 28ನೇ ಸೆಕ್ಷನ್ ಏನು ಹೇಳುತ್ತೆ? ಸಿವಿಲ್ ಅಥವಾ ಕಂದಾಯ ನ್ಯಾಯಾಲಯ ಸೈನಿಕನ ಸಂಬಳವನ್ನು ಜಪ್ತಿ ಮಾಡುವಂತಿಲ್ಲ. ಈ ಎರಡರ ಜಗ್ಗಾಟ ಹಲವು ಸಲ ಕೋರ್ಟ್ ಮೆಟ್ಟಿಲೇರಿದೆ.

ಸೇನೆಯೊಳಗೂ ಒಂದು ದಾರಿ ಇದೆ. ಸೇನಾ ಕಾಯ್ದೆಯ 90 ಮತ್ತು 91ನೇ ಸೆಕ್ಷನ್‌ಗಳಡಿ ಹೆಂಡತಿ ಮಕ್ಕಳ ಜೀವನಾಂಶಕ್ಕೆ ಸಂಬಳ ಕಡಿತ ಮಾಡಬಹುದು. 2001ರ ಸೇನಾ ಆದೇಶವೊಂದು ಇದಕ್ಕೆ ಹೆಂಡತಿಗೆ 22%, ಮಕ್ಕಳೂ ಸೇರಿದರೆ ಒಟ್ಟು 33% ಎಂಬ ಮಿತಿ ಹಾಕಿತ್ತು. ಕೋರ್ಟು ಕಚೇರಿ ಅಲೆಯದೆ ಹಣ ಸಿಗುವ ದಾರಿ ಇದು, ಒಳ್ಳೆಯದೇ. ಆದರೆ ಅರ್ಜಿ ಸಾಗುವುದು ಗಂಡನ ಯೂನಿಟ್ ಮೂಲಕ. ಅಂದರೆ ಅವನ ಕಮಾಂಡಿಂಗ್ ಆಫೀಸರ್ ಮೇಜಿನ ಮೇಲೆ ಅವಳ ನೋವಿನ ಕಾಗದ ಬೀಳಲೇಬೇಕು. ಕ್ರಿಮಿನಲ್ ದೂರಿನಲ್ಲೂ, ಕೋರ್ಟ್ ಮಾರ್ಷಲ್ ಮತ್ತು ಸಾಮಾನ್ಯ ನ್ಯಾಯಾಲಯ ಎರಡಕ್ಕೂ ಅಧಿಕಾರವಿರುವ ಪ್ರಕರಣ ಎಲ್ಲಿ ನಡೆಯಬೇಕು ಅಂತ ನಿರ್ಧರಿಸುವ ಮೊದಲ ಹಕ್ಕನ್ನು 125ನೇ ಸೆಕ್ಷನ್ ಸೇನಾಧಿಕಾರಿಗೆ ಕೊಟ್ಟಿದೆ.

ಇನ್ನು ಕುಟುಂಬ ಕಲ್ಯಾಣ. ಸೇನಾ ಪತ್ನಿಯರ ಕಲ್ಯಾಣ ಸಂಘ, ಅಂದರೆ ಆವಾ, 1966ರಿಂದ ಇದೆ. ವಿಶೇಷ ಮಕ್ಕಳಿಗೆ ಆಶಾ ಶಾಲೆಗಳು, ಯೋಧರ ಪತ್ನಿಯರಿಗೆ ನೆರವು, ಕೌಶಲ ತರಬೇತಿ ಹೀಗೆ ಅದು ಮಾಡಿರುವ ಕೆಲಸ ಸಣ್ಣದಲ್ಲ. ಆದರೆ ಅದರ ರಚನೆ ನೋಡಿ. ಸೇನಾ ಮುಖ್ಯಸ್ಥರ ಪತ್ನಿ ಅಧ್ಯಕ್ಷೆ, ಕೆಳಗಿನ ಹಂತಗಳಲ್ಲಿ ಆಯಾ ಕಮಾಂಡರ್‌ಗಳ ಪತ್ನಿಯರು. ಗಂಡನ ರ‍್ಯಾಂಕ್ ಹೆಂಡತಿಯರ ನಡುವೆಯೂ ಬಂದು ಕೂರುತ್ತದೆ. ಸಿಪಾಯಿಯ ಹೆಂಡತಿ ತನ್ನ ಮೈಮೇಲಿನ ಬಾಸುಂಡೆಯನ್ನು ಕರ್ನಲ್ ಮೇಡಂ ಎದುರು ತೋರಿಸೋದು ಅಷ್ಟು ಸುಲಭ ಅಲ್ಲ.

ಅಮೆರಿಕದ ಸೇನೆ ಈ ವಿಷಯದಲ್ಲಿ ಪೆಟ್ಟು ತಿಂದು ಪಾಠ ಕಲಿತಿದೆ. ಅಲ್ಲಿ ‘ಫ್ಯಾಮಿಲಿ ಅಡ್ವೊಕಸಿ ಪ್ರೋಗ್ರಾಂ’ 1981ರಿಂದ ಇದೆ. ಹಾಗಿದ್ದೂ 2002ರ ಬೇಸಿಗೆಯಲ್ಲಿ ಫೋರ್ಟ್ ಬ್ರ್ಯಾಗ್ ನೆಲೆಯಲ್ಲಿ ಸುಮಾರು ಆರು ವಾರಗಳಲ್ಲಿ ನಾಲ್ವರು ಮಹಿಳೆಯರು ಸೈನಿಕ ಗಂಡಂದಿರ ಕೈಯಲ್ಲಿ ಸತ್ತರು. ಆ ಗಂಡಂದಿರಲ್ಲಿ ಮೂವರು ಅಫ್ಘಾನಿಸ್ತಾನದಿಂದ ಮರಳಿದ್ದವರು. ದೇಶವೇ ಬೆಚ್ಚಿಬಿತ್ತು. 2006ರಲ್ಲಿ ಗೌಪ್ಯ ದೂರಿನ ವ್ಯವಸ್ಥೆ ಬಂತು. ಅದರಡಿ ಮಹಿಳೆ ಗಂಡನ ಕಮಾಂಡರ್‌ಗಾಗಲಿ ಪೊಲೀಸರಿಗಾಗಲಿ ತಿಳಿಸದೆ ಚಿಕಿತ್ಸೆ, ಆಪ್ತ ಸಮಾಲೋಚನೆ, ಸಹಾಯಕರನ್ನು ಪಡೆಯಬಹುದು. ಮುಂದೆ ಕೇಸು ಮಾಡಬೇಕೋ ಬೇಡವೋ ಅನ್ನೋದು ಅವಳ ಆಯ್ಕೆ. ಹಿಂಸೆಯ ಕಾರಣಕ್ಕೆ ಸೈನಿಕ ನೌಕರಿ ಕಳೆದುಕೊಂಡರೆ ಕುಟುಂಬಕ್ಕೆ 36 ತಿಂಗಳವರೆಗೆ ತಿಂಗಳ ಭತ್ಯೆ ಸಿಗುತ್ತದೆ. 2023ರ ಡಿಸೆಂಬರ್ 28ರಿಂದ, ಕೌಟುಂಬಿಕ ಹಿಂಸೆಯ ಪ್ರಕರಣದಲ್ಲಿ ವಿಚಾರಣೆ ನಡೆಸಬೇಕೋ ಎಂಬ ತೀರ್ಮಾನವನ್ನೇ ಕಮಾಂಡರ್ ಕೈಯಿಂದ ತೆಗೆದು ಸ್ವತಂತ್ರ ಸೇನಾ ವಕೀಲರಿಗೆ ಕೊಡಲಾಗಿದೆ.

ಅಮೆರಿಕ ಸ್ವರ್ಗವೇನಲ್ಲ. 2015ರಿಂದ 2019ರ ನಡುವೆ ಅಲ್ಲಿನ ಸೇನಾ ಕುಟುಂಬಗಳಲ್ಲಿ 40,000ಕ್ಕೂ ಹೆಚ್ಚು ಹಿಂಸೆಯ ಘಟನೆಗಳು ನಡೆದಿವೆ ಎಂದು ಅವರದ್ದೇ ಲೆಕ್ಕಪರಿಶೋಧನಾ ಸಂಸ್ಥೆ 2021ರಲ್ಲಿ ಹೇಳಿತು. ಅದರಲ್ಲಿ 74% ದೈಹಿಕ ಹಿಂಸೆ. 2017ರಲ್ಲಿ ಟೆಕ್ಸಾಸ್‌ನ ಸದರ್ಲೆಂಡ್ ಸ್ಪ್ರಿಂಗ್ಸ್ ಚರ್ಚಿನಲ್ಲಿ 26 ಜನರನ್ನು ಕೊಂದವನು, ಹೆಂಡತಿ ಮತ್ತು ಅವಳ ಮಗುವಿನ ಮೇಲೆ ಹಲ್ಲೆ ಮಾಡಿ ಕೋರ್ಟ್ ಮಾರ್ಷಲ್ ಆಗಿದ್ದ ವಾಯುಪಡೆಯ ಮಾಜಿ ಸಿಬ್ಬಂದಿ. ಆ ಶಿಕ್ಷೆಯ ಮಾಹಿತಿಯನ್ನು ವಾಯುಪಡೆ ಎಫ್‌ಬಿಐಗೆ ಕೊಟ್ಟಿರಲೇ ಇಲ್ಲ. ಕೊಟ್ಟಿದ್ದರೆ ಅಂಗಡಿಯಲ್ಲಿ ಅವನಿಗೆ ಬಂದೂಕು ಸಿಗುತ್ತಿರಲಿಲ್ಲ. ಮನೆಯೊಳಗಿನ ಹಿಂಸೆ ಮನೆಯೊಳಗೇ ಉಳಿಯಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಆದರೂ ಆ ದೇಶ ಎಣಿಸುತ್ತದೆ, ಎಣಿಸಿದ್ದನ್ನು ಪ್ರಕಟಿಸುತ್ತದೆ. ಎಣಿಸದೆ ತಿದ್ದೋಕೆ ಆಗಲ್ಲ.

ಇಲ್ಲಿ ಒಂದು ತಕರಾರು ಬರುತ್ತದೆ. ಗಡಿಯಲ್ಲಿ ಜೀವ ಒತ್ತೆ ಇಟ್ಟವನ ಮೇಲೆ ಸುಳ್ಳು ದೂರು ಕೊಟ್ಟು ಅವನ ಬದುಕು ಹಾಳು ಮಾಡಿದರೆ? ಈ ಭಯವನ್ನು ನಾನು ತಳ್ಳಿಹಾಕಲ್ಲ. ಸೈನಿಕರ ಆತ್ಮಹತ್ಯೆಗಳ ಬಗ್ಗೆ ಸಂಸತ್ತಿಗೆ ಕೊಟ್ಟ ಉತ್ತರಗಳಲ್ಲಿ ರಕ್ಷಣಾ ಸಚಿವಾಲಯ ಕೌಟುಂಬಿಕ ಸಮಸ್ಯೆಗಳನ್ನೂ ಒಂದು ಕಾರಣವಾಗಿ ಪಟ್ಟಿ ಮಾಡಿದೆ. ಆದರೆ ಈಗಿನ ವ್ಯವಸ್ಥೆಯಲ್ಲಿ ಇರುವುದು ಎರಡೇ ಆಯ್ಕೆ: ಬಾಯಿ ಮುಚ್ಚಿಕೊಂಡಿರುವುದು, ಇಲ್ಲವೇ ಅವನ ನೌಕರಿಗೇ ಕುತ್ತು ತರುವ ದೂರು. ಗಂಡ ಸೇವೆಯಿಂದ ವಜಾ ಆದರೆ ಸಾಮಾನ್ಯವಾಗಿ ಪೆನ್ಷನ್ನೂ ಹೋಗುತ್ತದೆ, ಅದರ ಜೊತೆ ಅವಳ ಅನ್ನವೂ. ಹಾಗಾಗಿ ಬಹಳ ಮಂದಿ ಸುಮ್ಮನಿರುತ್ತಾರೆ, ಪರಿಸ್ಥಿತಿ ಕೈಮೀರಿದ ಮೇಲೆ ಪೊಲೀಸ್ ಠಾಣೆಗೆ ಹೋಗುತ್ತಾರೆ. ಮಧ್ಯದಲ್ಲೊಂದು ಬಾಗಿಲು ಇದ್ದರೆ ಮೊದಲ ಏಟಿಗೇ ಸಹಾಯ ಸಿಗುತ್ತದೆ. ಅವಳಿಗೂ, ಯುದ್ಧಭೂಮಿಯ ಒತ್ತಡ ಹೊತ್ತು ಬಂದ ಅವನಿಗೂ.

ಬೇಕಾಗಿರುವುದು ದೊಡ್ಡ ಕ್ರಾಂತಿಯಲ್ಲ. ಗಂಡನ ಯೂನಿಟ್‌ಗೆ ಉತ್ತರದಾಯಿಯಲ್ಲದ, ರ‍್ಯಾಂಕ್ ನೆರಳಿಲ್ಲದ, ತರಬೇತಾದ ಸಮಾಲೋಚಕಿಯರು ಪ್ರತಿ ದಂಡುಪ್ರದೇಶದಲ್ಲಿರಬೇಕು. ಅವಳು ಹೇಳಿದ ಮಾತು ಅವಳ ಒಪ್ಪಿಗೆ ಇಲ್ಲದೆ ಕಮಾಂಡರ್‌ಗೆ ಹೋಗಬಾರದು. ಗಂಡ ವಜಾ ಆದರೂ ಅವಳಿಗೆ ಕೆಲವು ಕಾಲ ಮನೆ, ಚಿಕಿತ್ಸೆ, ಭತ್ಯೆ ಉಳಿಯಬೇಕು. ರಾಜ್ಯ ಸರ್ಕಾರವೂ ಕೈಕಟ್ಟಿ ಕೂರಬೇಕಿಲ್ಲ. ನಮ್ಮಲ್ಲಿ ಕೌಟುಂಬಿಕ ಹಿಂಸೆ ಕಾಯ್ದೆಯ ಸಂರಕ್ಷಣಾಧಿಕಾರಿಯ ಹೊಣೆ ತಾಲೂಕಿನ ಸಿಡಿಪಿಓ ಮೇಲಿದೆ. ಜಿಲ್ಲೆಗಳಲ್ಲಿ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗಳಿವೆ. 181 ಸಹಾಯವಾಣಿ ಇದೆ. ಬೆಳಗಾವಿಯಲ್ಲೋ ಮಡಿಕೇರಿಯಲ್ಲೋ ಈ ಮೂವರನ್ನು ಒಂದೇ ಮೇಜಿನ ಸುತ್ತ ಕೂರಿಸಿ, ಸೈನಿಕನ ಹೆಂಡತಿ ಬಂದರೆ ಯಾರು ಏನು ಮಾಡಬೇಕು ಅಂತ ಬರೆದಿಡೋಕೆ ದೆಹಲಿಯ ಅಪ್ಪಣೆ ಬೇಕಿಲ್ಲ.